ಹೆಬ್ಬೆರಳ ದರ್ಶನ

ನಿಂತಲ್ಲೇ ತಲೆ ಬಗ್ಗಿಸಿ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಣ್ಣ ಮತ್ಸರ. ನನಗೂ ನನ್ನ ಪಾದಗಳಿಗೂ ನಡುವೆ ಉದರವಿದೆ; ಚಪ್ಪಲಿ ಅದಲುಬದಲಾದ ಸುದ್ದಿಯೂ ನನಗೆ ಪರರಿಂದಲೇ ತಿಳಿಯಬೇಕು.

ಈ ವಿರಹ ನೀಗಲೆಂದು ಆಳಂದದ ಯೋಗ ತರಗತಿಗೆ ಸೇರಿದೆ. ಗುರುಗಳು ಅಫಜಲಪುರದ ಶರಣಪ್ಪ ಮಾಸ್ತರರು, ಜೋಳದ ದಂಟಿಗೆ ಅಂಗಿ ತೊಡಿಸಿದಂಥವರು. ಬೆನ್ನು ಹಿಗ್ಗಲೆಂದು ಮುಂದಕ್ಕೆ ಬಾಗಿದರೆ, ಮೊಣಕಾಲಿಗೆ ಹೊರಟ ನನ್ನ ಹಣೆಯನ್ನು ಹೊಟ್ಟೆಯು, ಸೊನ್ನದ ಬ್ಯಾರೇಜು ಭೀಮೆಯನ್ನು ತಡೆದಂತೆ, ನಡುದಾರಿಯಲ್ಲೇ ತಡೆಯುತ್ತಿತ್ತು. ಭುಜದ ಮೇಲೆ ನಿಂತು ಕಾಲೆತ್ತುವ ಸರ್ವಾಂಗಾಸನದಲ್ಲಂತೂ ಮಾಸ್ತರರನ್ನು ಯಥಾವತ್ತಾಗಿ ಅನುಕರಿಸಿ, ಯಥಾವತ್ತಾಗಿ ಉರುಳುತ್ತಿದ್ದೆ.

ಭಾನುವಾರ ಶಾಲೆಯಂಗಳದಲ್ಲಿ ಪ್ರದರ್ಶನವೆಂದಾಯಿತು. "ನೀ ಆಸನಾ ಬಿಡಪಾ, ನಡುನಡುವ ಮಂದೀನ ನಗಸು, ಸಾಕು" ಎಂದರು ಮಾಸ್ತರರು. ಮಂದಿಯ ದನಿ ನಕಲು ಮಾಡುವುದು ನನ್ನ ಹಳೆಯ ಚಾಳಿ; ಜೇವರ್ಗಿ ಬಸ್ಸಿನ ಕಂಡಕ್ಟರನಿಂದ ಹಿಡಿದು ಮಾಸ್ತರರ ಕೆಮ್ಮಿನವರೆಗೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿರುವುದು ನಿಜ. ಆದರೂ ಮಾತು ನಾಟಿತು. ನನ್ನನ್ನು ಕಂಡು ಮಂದಿ ಹೇಗೂ ನಗುತ್ತಾರೆ. ಒಮ್ಮೆಯಾದರೂ ಬೆರಗಿನಿಂದ ಬಾಯಿ ತೆರೆದು ನೋಡಲಿ ಎಂಬುದು ನನ್ನ ಆಸೆ.

ತರಗತಿಯಲ್ಲಿ ನನಗಿಂತ ಒಂದು ಸುತ್ತು ದಪ್ಪಗಿದ್ದವರು ಬಟ್ಟೆಯಂಗಡಿಯ ಇಸ್ಮಾಯಿಲ್ ಚಾಚಾ. ಅವರು ಭುಜದಡಿ ಕೌದಿ ಮಡಚಿಟ್ಟು, ಗೋಡೆಗೆ ಪಾದವೂರಿ, "ಚಲ್ ಬೇಟಾ, ಏಳಪಾ" ಎಂದು ತಮ್ಮ ಸೊಂಟವನ್ನೇ ರಮಿಸುತ್ತ ಏರುತ್ತಿದ್ದರು. ಕೌದಿಯೆಂದರೆ ಮುದುಕರ ಉಪಾಯವೆಂದು ನಾನದನ್ನು ಮುಟ್ಟಿರಲಿಲ್ಲ. ಶನಿವಾರ ಚಾಚಾ ನೀರು ಕುಡಿಯಲು ಹೋದಾಗ, ಬರೀ ಚೇಷ್ಟೆಗೆಂದು ಅದೇ ಕೌದಿಯ ಮೇಲೆ ಮಲಗಿ, ಗೋಡೆಗೆ ಪಾದವೂರಿ, ಅವರದೇ ಏದುಸಿರು, ಅವರದೇ ರಮಿಸಾಟ ಆರಂಭಿಸಿದೆ. ಎಲ್ಲರೂ ನಕ್ಕರು. ಆಮೇಲೆ ಥಟ್ಟನೆ ನಗು ನಿಂತಿತು.

"ಲೇ, ಕಾಲ್ ಗ್ವಾಡಿ ಬಿಟ್ಟಾವಲೇ!" ಎಂದು ಯಾರೋ ಕೂಗಿದರು. ನನ್ನ ಕಾಲುಗಳು ಗೋಡೆ ಬಿಟ್ಟು ನೆಟ್ಟಗೆ ಮೇಲೆದ್ದಿದ್ದವು.

ಬಾಗಿಲಲ್ಲಿ ಚಾಚಾ. "ಏನ್ ಬೇಟಾ, ನನ್ನ ನಕಲು ಮಾಡಾಕತ್ತೀಯೇನು?"

"ಹೌದ್ರಿ ಚಾಚಾ" ಎಂದೆ, ಕುತ್ತಿಗೆ ಹಿಡಿದ ಹುಂಜದ ದನಿಯಲ್ಲಿ.

"ಹಂಗಾದ್ರ ಪೂರಾ ಮಾಡು. ಉಸುರು ಹಿಡಕೋಬ್ಯಾಡ, ಬಿಡು!"

ಉಸಿರು ಬಿಟ್ಟೆ, ಭುಜದ ಮೇಲೆ ನಿಂತೆ. ಜೀವಮಾನವಿಡೀ ಪರರ ಅಂಗಿಯಲ್ಲಿ ತೂರಿಕೊಂಡವನಿಗೆ ಅಂದು ಮೊದಲ ಸಲ ತನ್ನಳತೆಯದು ಸಿಕ್ಕಿತ್ತು, ಅದೂ ಬಟ್ಟೆ ವ್ಯಾಪಾರಿಯಿಂದಲೇ.

ಭಾನುವಾರ ಶಾಲೆಯ ಗೋಡೆಗೆ ಪಾದವೂರಿ ಚಾಚಾ ಮತ್ತು ನಾನು ಅಕ್ಕಪಕ್ಕ ಏರಿದೆವು. ಮಂದಿ ನಗಲಿಲ್ಲವೆಂದರೆ ಸುಳ್ಳಾದೀತು. ನಕ್ಕರು, ಬಾಯಿ ತೆರೆದರು, ಚಪ್ಪಾಳೆಯನ್ನೂ ತಟ್ಟಿದರು. ಹೊಟ್ಟೆ ಎದೆಯತ್ತ ಸರಿದು ಸವಿನಯವಾಗಿ ದಾರಿ ಬಿಟ್ಟಿತ್ತು. ನೀಲಿ ಆಕಾಶಕ್ಕೆ ಎದುರಾಗಿ, ಅಕೋ, ನನ್ನ ಹೆಬ್ಬೆರಳುಗಳು! ಉಗುರು ವಿಪರೀತ ಬೆಳೆದಿದ್ದವು, ನಿಜ. ಆದರೆ ಆ ಸುದ್ದಿಯನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ.