ಬೋಲ್ಟಿನ ಮೇಲಿನ ಬಿಳಿ ಗೆರೆ

ಇದು ನಡೆದದ್ದೇ. ನಂಬದವರು ನಾಗಮಂಗಲದ ನನ್ನ ಗ್ಯಾರೇಜಿಗೆ ಬಂದು, ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ ಅಂಗಾತ ಮಲಗಿ ನೋಡಲಿ. ನಂಬಿಕೆ ಬರದಿದ್ದರೂ ಸೊಂಟನೋವಂತೂ ಬರುತ್ತದೆ.

ಬಿಂಡಿಗನವಿಲೆಯ ಜವರೇಗೌಡರ ಹಳೇ ಕಾರು. ಸ್ಟೀರಿಂಗ್ ಕಂಬ ಹಿಡಿದರೆ ಗಡಗಡ ಆಡುತ್ತಿತ್ತು. ಬೆಳಗಿನ ಜಾವಕ್ಕೆ ಅದರಲ್ಲೇ ತುಂಬು ಬಸುರಿ ಮಗಳನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾರು ಸಿಗುವವರೆಗೆ ಕದಲುವುದಿಲ್ಲವೆಂದು ಗೌಡರು ಬಾಗಿಲ ಬಳಿಯ ಬೆಂಚಿನ ಮೇಲೆ ಪ್ರತಿಷ್ಠಾಪನೆಗೊಂಡರು.

ಕಂಬವನ್ನು ಹಿಡಿದಿರುವುದು ನಾಲ್ಕು ಬೋಲ್ಟು. ಮೊದಲು ನಾಲ್ಕನ್ನೂ ಬೆರಳಲ್ಲೇ ಕೂರಿಸಬೇಕು. ಆಮೇಲೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಕೊನೆಗೆ ಟಾರ್ಕ್ ರೆಂಚು. ಸರಿಯಾದ ಬಿಗಿ ಬಂದಾಗ ಅದು ‘ಟಕ್’ ಎನ್ನುತ್ತದೆ. ಬಳಿಕ ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಬಿಳಿ ಪೇಂಟಿನ ಒಂದು ಗೆರೆ. ಬೋಲ್ಟು ಕದಲಿದರೆ ಗೆರೆ ಮುರಿಯುತ್ತದೆ. ಇಷ್ಟೂ ಶಾಸ್ತ್ರವನ್ನು ಲೋಪವಿಲ್ಲದೆ ಮುಗಿಸಿದೆ.

ಕೈ ತೊಳೆದು ಬಂದು ಟಾರ್ಚ್ ಬಿಟ್ಟರೆ… ಎಡಗಡೆಯ ಗೆರೆ ಮುರಿದಿತ್ತು. ಬೋಲ್ಟಿನ ಮೇಲಿದ್ದ ತುಂಡು ತಿರುಗಿ, ನೆಲದತ್ತ ಮುಖ ಮಾಡಿತ್ತು.

“ಗೌಡ್ರೇ, ಇಲ್ಲೇನಾದ್ರೂ ಕೈ ಹಾಕಿದ್ರಾ?”

“ಲೇ ಆಚಾರಿ, ಆ ಸಂದೀಲಿ ನನ್ ಹೊಟ್ಟೆ ತೂರ್ತದೇನ್ಲಾ?”

ವಾದ ಒಪ್ಪತಕ್ಕದ್ದೇ.

ಹೊಸ ಬೋಲ್ಟು ಹಾಕಿದೆ. ಟಕ್. ಗೆರೆ. ಎದ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಅದೇ ಬೋಲ್ಟು, ಮತ್ತೆ ನೆಲದತ್ತ! ಆಗ ನನ್ನ ಬಾಯಿಂದ ಹೊರಟ ಸಹಸ್ರನಾಮ ಯಾವ ದೇವರಿಗೂ ಸಲ್ಲುವಂಥದ್ದಲ್ಲ.

ಇನ್ನೊಮ್ಮೆ ಬಿಗಿದು, ಗೆರೆ ಎಳೆದು, ರೆಂಚನ್ನು ಗೋಡೆಗೆ ತೂಗುಹಾಕಿ ಬಂದು ಟಾರ್ಚ್ ಹಿಡಿದು ಅಲ್ಲೇ ಮಲಗಿದೆ. ಹೊರಗೆ ನಾಯಿಗಳೂ ಸುಮ್ಮನಾಗಿದ್ದವು.

ಟಕ್.

ಸದ್ದು ಗೋಡೆಯ ಕಡೆಯಿಂದ ಬಂತು. ನನ್ನ ಕಣ್ಣೆದುರೇ ಬೋಲ್ಟು ಮೆಲ್ಲಗೆ ತಿರುಗಿ, ನೆಲ ತೋರಿಸಿ ನಿಂತಿತು.

“ಗೌಡ್ರೇ… ಕೇಳುಸ್ತಾ?”

“ಕೇಳುಸ್ತು ಕಣ್ಲಾ. ನೀನೇ ಬಿಗೀತಿದ್ದೀಯ ಅಂದ್ಕಂಡೆ…” ಗೌಡರ ದನಿ ಇಳಿದಿತ್ತು. “ಅದೇನು ನೋಡ್ಬುಡ್ಲಾ. ನನ್ ಮಗ್ಳು ಕೂರೋ ಗಾಡಿ ಅದು.”

ಗೆರೆ ತೋರಿಸಿದತ್ತ ಟಾರ್ಚ್ ಇಳಿಸಿದೆ. ಪೆಡಲುಗಳ ಹಿಂದೆ, ಕಂಬದ ಬುಡ ಮುಂದಿನ ಚಕ್ರ ತಿರುಗಿಸುವ ದಂಡಕ್ಕೆ ಸೇರುವ ಜಾಗ. ಅಲ್ಲಿಯ ಬೋಲ್ಟನ್ನು ಹಿಂದೆ ಯಾವನೋ ಮಹಾನುಭಾವ ಬೆರಳಲ್ಲಿ ತಿರುಗಿಸಿ ಕೈಬಿಟ್ಟಿದ್ದ. ಮುಟ್ಟಿದರೆ ಕೈಗೇ ಬಂತು. ರಸ್ತೆಯಲ್ಲಿ ಬಿದ್ದಿದ್ದರೆ ಸ್ಟೀರಿಂಗ್ ಒಂದು ಕಡೆ, ಕಾರು ಒಂದು ಕಡೆ…

ಹೊಸದು ಹಾಕಿ ಬಿಗಿದೆ. ಮೇಲಿನದನ್ನೂ ಬಿಗಿದೆ. ಅದು ಮತ್ತೆ ಕದಲಲಿಲ್ಲ.

ಪೇಂಟು ತರಲು ಎದ್ದೆ. ಬಾಟಲಿಯ ಮುಚ್ಚಳ ಭದ್ರವಾಗಿತ್ತು. ಆದರೂ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಬಗ್ಗಿ ನೋಡಿದರೆ, ಕೆಳಗಿನ ಬೋಲ್ಟಿನ ಮೇಲೆ ಆಗಲೇ ಅಚ್ಚುಕಟ್ಟಾದ ಬಿಳಿ ಗೆರೆ!

ಉಪಕಾರ ಮಾಡುವವರು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ? ನನ್ನ ಸೊಂಟವಾದರೂ ಉಳಿಯುತ್ತಿತ್ತು.

ಗೌಡರ ಮೊಮ್ಮಗಳೀಗ ಆ ಕಾರಿನ ಹಾರನ್ ಒತ್ತಿ ಊರೆಬ್ಬಿಸುವಷ್ಟು ದೊಡ್ಡವಳು. ಕಾರು ಸರ್ವೀಸಿಗೆ ಬಂದಾಗಲೆಲ್ಲ ಬಗ್ಗಿ ನೋಡುತ್ತೇನೆ. ನಾನೆಳೆದ ಗೆರೆಗಳು ಒಣಗಿ, ಧೂಳು ಹಿಡಿದು, ಉದುರುತ್ತಿವೆ.

ಕೆಳಗಿನದು ಮಾತ್ರ… ಬೆರಳಿಟ್ಟರೆ ಇವತ್ತಿಗೂ ಅಂಟುತ್ತದೆ.