ಐದಕ್ಕೆ ಒಂದರ ಏರು

ಸೀತೂರಿನ ವೀರಬಸಮ್ಮ ಹದಿನಾಲ್ಕು ವರ್ಷ ಪಿಕಪ್ ಓಡಿಸಿದವರು. ಗಂಡ ಸೋಮನಾಥ್ ತೋಟ ನೋಡಿಕೊಂಡರೆ, ಇವರು ಊರಿನ ಗೊಬ್ಬರ, ಸಿಮೆಂಟು, ಹೆರಿಗೆ ನೋವಿನ ಹೆಂಗಸರು ಎಲ್ಲವನ್ನೂ ಸಾಗಿಸಿದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಊರು ಅವರಿಗೊಂದು ಹೊಸ ಹೆಸರು ಕೊಟ್ಟಿತು: ರಸ್ತೆಗೆ ಅಡ್ಡ ಬಿದ್ದವಳು.

ಗುಡ್ಡದ ಮೇಲಿನ ಹನ್ನೊಂದು ಮನೆಗಳಿಗೆ ಕಾಂಕ್ರೀಟು ರಸ್ತೆ ಮಂಜೂರಾಗಿತ್ತು. ಕೆಳಗಿನ ಡಾಂಬರು ರಸ್ತೆಯಿಂದ ಮೇಲಿನ ಮೊದಲ ಮನೆ, ಅಂದರೆ ಬೂತಪ್ಪನವರ ಮನೆ, ನೇರಕ್ಕೆ ಮುನ್ನೂರು ಮೀಟರ್. ಅಷ್ಟೂ ದೂರ ವೀರಬಸಮ್ಮನವರ ಕಾಫಿ ತೋಟವನ್ನೇ ಹಾಯಬೇಕು. ಹನ್ನೆರಡು ಗುಂಟೆ ಬಿಟ್ಟುಕೊಡುವ ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ಜಾಗದ ಆಸೆಯೆಂದು ಎಲ್ಲರೂ ತೀರ್ಮಾನಿಸಿದರು. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಆ ಏರಿನಲ್ಲಿ ತುಂಬಿದ ಗಾಡಿ ಹಿಂದಕ್ಕೆ ಜಾರುತ್ತದೆ ಎಂದು ಅವರು ಹೇಳಿದ್ದನ್ನು ಎಂಜಿನಿಯರ್ ರಾಕೇಶ್ ನಗುತ್ತಲೇ ತಳ್ಳಿಹಾಕಿದರು.

"ಡ್ರೈವರ್ ಅನುಭವಾನ ಎಸ್ಟಿಮೇಟಲ್ಲಿ ಬರೆಯೋಕಾಗಲ್ಲಮ್ಮ."

ಆ ಮಾತಿನಲ್ಲಿ ನ್ಯಾಯವಿದೆ. ಅನುಭವವೊಂದೇ ಪುರಾವೆಯಾಗದು, ಅಳತೆ ಬೇಕು. ಆದರೆ ರಾಕೇಶ್ ಅವರ ಗೆರೆಗೂ ಎತ್ತರದ ಅಳತೆ ಇರಲಿಲ್ಲ; ಅದನ್ನು ಎಳೆದದ್ದು ಮೊಬೈಲಿನ ಚಪ್ಪಟೆ ನಕ್ಷೆಯ ಮೇಲೆ.

ಬಾಳಗಡಿಯ ಕಾಲೇಜಿನಲ್ಲಿ ಓದುವ ಮಗಳು ಕೃತಿಕಾಳಿಂದ ವೀರಬಸಮ್ಮ ಸರ್ವೆ ನಕ್ಷೆಯೊಂದರ ಬಣ್ಣದ ಝೆರಾಕ್ಸ್ ತರಿಸಿಕೊಂಡರು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಗೆರೆಗಳು ಅದರಲ್ಲಿದ್ದವು. ಒಂದು ಗೆರೆಯಿಂದ ಇನ್ನೊಂದಕ್ಕೆ ಇಪ್ಪತ್ತು ಮೀಟರ್ ಏರು. ಎರಡು ವಾರ ಅದರ ಮುಂದೆ ಕೂತರು. ಆಮೇಲೆ ಶಾಲೆಯ ಜಗುಲಿಯಲ್ಲಿ ಕರೆದ ಸಭೆಯಲ್ಲಿ ಅದನ್ನು ಬಿಚ್ಚಿದರು.

"ರಸ್ತೆಯಿಂದ ಬೂತಪ್ಪನ ಮನೆಗೆ ನಾಲ್ಕು ಗೆರೆ. ಗೆರೆ ನಾಲ್ಕಾದ್ರೆ ನಡುವಿನ ಅಂತರ ಮೂರು. ಅಲ್ಲಿಗೆ ಅರವತ್ತು ಮೀಟರ್ ಎತ್ತರ. ದೂರ ಮುನ್ನೂರು. ಐದು ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ."

ರಾಕೇಶ್ ಜೇಬಿನಿಂದ ಸ್ಕೇಲು ತೆಗೆದು ನಕ್ಷೆಯ ಮೇಲಿಟ್ಟರು. "ಸೆಂಟಿಮೀಟರಿಗೆ ಐನೂರು ಮೀಟರ್ ಅಂತ ಇದೆ. ಇಲ್ಲಿರೋದು ನಾಲ್ಕೇ ಮಿಲಿಮೀಟರ್. ಇನ್ನೂರು ಮೀಟರ್ ಬಂತಲ್ಲ! ಝೆರಾಕ್ಸಲ್ಲಿ ನಕ್ಷೆ ಕುಗ್ಗಿದೆ ಅಮ್ಮ. ಇದರ ಲೆಕ್ಕ ಯಾವುದಕ್ಕೆ ಬಂತು?"

"ಎಂತ ವೀರಬಸಕ್ಕಾ," ಬೂತಪ್ಪ ಹಿಂದಿನಿಂದ ಕೂಗಿದರು, "ಗುಡ್ಡಾನೂ ಝೆರಾಕ್ಸ್ ಮಾಡಿಸ್ಕೊಂಡು ಬಂದ್ರಾ?"

ಜಗುಲಿಯೆಲ್ಲ ನಕ್ಕಿತು. ನಗು ಮುಗಿಯುವ ತನಕ ವೀರಬಸಮ್ಮ ಕಾದರು.

"ಕುಗ್ಗಿದೆ, ಗೊತ್ತು. ಅದಕ್ಕೇ ನಾನು ಸ್ಕೇಲು ಮುಟ್ಟಲಿಲ್ಲ."

ಕಾಗದದ ಚೂರೊಂದರ ಅಂಚನ್ನು ದಾರಿಯ ಗುಂಟ ಇಟ್ಟು, ಎರಡು ತುದಿಗೂ ಪೆನ್ನಿನಿಂದ ಗುರುತು ಹಾಕಿದರು. ಆ ಚೂರನ್ನು ನಕ್ಷೆಯ ಅಡಿಯಲ್ಲೇ ಮುದ್ರಿಸಿದ್ದ ಅಳತೆಪಟ್ಟಿಯ ಮೇಲಿಟ್ಟರು. "ಗುಡ್ಡ ಎಷ್ಟು ಕುಗ್ಗಿದೆಯೋ ಈ ಪಟ್ಟಿಯೂ ಅಷ್ಟೇ ಕುಗ್ಗಿದೆ. ಓದಿ ಸಾರ್, ಎಲ್ಲರಿಗೂ ಕೇಳಲಿ."

ರಾಕೇಶ್ ಬಗ್ಗಿ ಓದಿದರು. "ಮುನ್ನೂರು."

ಪೆನ್ನಿನ ಗುರುತಿನ ದಪ್ಪವೇ ಅಲ್ಲಿ ಮೂವತ್ತು ಮೀಟರ್ ಆದೀತು. ಆದ್ದರಿಂದ ಐದಕ್ಕೆ ಒಂದು ಎಂಬುದು ನಾಲ್ಕೂವರೆಗೋ ಐದೂವರೆಗೋ ಒಂದಾಗಿರಬಹುದು. ಯಾವ ತುದಿ ಹಿಡಿದರೂ, ತುಂಬಿದ ಗಾಡಿ ನೆಮ್ಮದಿಯಾಗಿ ಹತ್ತುವ ಹದಿನೈದಕ್ಕೆ ಒಂದರ ಹತ್ತಿರ ಅದು ಸುಳಿಯುವುದಿಲ್ಲ.

"ಹಾಗಾದ್ರೆ ನಮಗೆ ರಸ್ತೆ ಬೇಡ ಅಂತಲೋ?" ಬೂತಪ್ಪ ಈಗ ನಗುತ್ತಿರಲಿಲ್ಲ.

"ಬೇಕು ಮಾರಾಯ. ಎರಡು ತಿರುವು ಕೊಟ್ಟು ಒಂಬೈನೂರು ಮೀಟರ್ ಮಾಡ್ಲಿ. ಹದಿನೈದಕ್ಕೆ ಒಂದು ಬರುತ್ತೆ."

"ಅಷ್ಟು ಜಾಗ ಯಾರು ಕೊಡ್ತಾರೆ?"

"ನಾನೇ. ಮೂವತ್ತಾರು ಗುಂಟೆ."

ರಾಕೇಶ್ ಸ್ಕೇಲನ್ನು ಜೇಬಿಗೆ ಹಾಕಿಕೊಂಡರು. ತಗ್ಗಿದ ದನಿಯಲ್ಲಿ, ಎಸ್ಟಿಮೇಟು ಹೊಸದಾಗಿ ಆಗಬೇಕು, ಈ ವರ್ಷದ ಮಂಜೂರಾತಿ ವಾಪಸು ಹೋಗುತ್ತದೆ ಎಂದರು. ಮೇಲಿನ ಮನೆಯವರು ಒಬ್ಬೊಬ್ಬರಾಗಿ ಎದ್ದರು. "ಬಂದ ರಸ್ತೇನ ಓಡಿಸಿಬಿಟ್ರಲ್ಲ ಅಕ್ಕಾ," ಎಂದರು ಬೂತಪ್ಪ.

ವೀರಬಸಮ್ಮ ಒಪ್ಪಿಗೆ ಪತ್ರ ಎಳೆದುಕೊಂಡರು. ಹನ್ನೆರಡನ್ನು ಹೊಡೆದುಹಾಕಿ ಮೂವತ್ತಾರು ಎಂದು ಬರೆದು ಸಹಿ ಮಾಡಿದರು. "ಹೋದ್ರೆ ಹೋಗ್ಲಿ. ನೇರ ಗೆರೆಗೆ ನನ್ನ ಸಹಿ ಈ ಜನ್ಮದಲ್ಲಿಲ್ಲ."

ಹೊಸ ಎಸ್ಟಿಮೇಟು ಇನ್ನೂ ಕಚೇರಿಯಲ್ಲಿದೆ. ಮೇಲಿನ ಮನೆಗಳಲ್ಲಿ ಐದಾರು ಮನೆಯವರು ಅವರೊಡನೆ ಮಾತು ಬಿಟ್ಟಿದ್ದಾರೆ. ಅದರ ನಡುವೆಯೇ, ಸುಗ್ಗಿ ಮುಗಿದ ವಾರ, ಗಂಡ ಹೆಂಡತಿ ಸೇರಿ ತಿರುವಿನ ಜಾಡಿನುದ್ದಕ್ಕೂ ಫಸಲು ಕೊಡುತ್ತಿದ್ದ ಕಾಫಿ ಗಿಡಗಳನ್ನು ಕಡಿದು ಹಾಕಿದರು. ಮಂಜೂರಾತಿ ಬರುವ ಮೊದಲೇ ಯಾಕೆ ಎಂದು ಕೇಳಿದರೆ, ಬುಡದಲ್ಲಿ ಉಳಿದ ಬೇರಿಗೆ ಪಿಕಾಸಿ ಹಾಕುತ್ತಲೇ ವೀರಬಸಮ್ಮ ಉತ್ತರಿಸಿದರು:

"ಅಲ್ಲೀ ತನಕ ಮೇಲಿನವ್ರು ಇದ್ರಲ್ಲೇ ನಡೀಲಿ. ನಡೆಯೋರ ಮೊಣಕಾಲಿಗೂ ಹದಿನೈದಕ್ಕೆ ಒಂದೇ ಹಿತ."