ಮಹಾದೇವಿಗೆ ಸಿಗದ ಹಾಸಿಗೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಗಡಿಭಾಗದ ಉಮರ್ಗಾ ತಾಲೂಕಿನ ಒಂದು ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಮೊದಲೆಲ್ಲ ಮೇ ತಿಂಗಳಲ್ಲಿ ಬರುತ್ತಿದ್ದ ಉರಿಬಿಸಿಲು ಅಷ್ಟರಲ್ಲಿ ಮಾರ್ಚಿಗೇ ಬಂದು ಕೂರುತ್ತಿತ್ತು.

ಆ ಮಾರ್ಚಿನಲ್ಲಿ ಮಹಾದೇವಿ ಉರಿಮೂತ್ರವೆಂದು ಬಂದಳು. ನಿಲಂಗಾ ಕಡೆಯ ಒಕ್ಕಲು ಮನೆಯವರು ಆಕೆಗೆ ಇಟ್ಟ ಹೆಸರು ಮಹಾದೇವ. ಹೆಣ್ಣಾಗಿ ಬದುಕುತ್ತೇನೆಂದ ದಿನವೇ ಅವರು ಹೊರಹಾಕಿದ್ದರು. ತನ್ನಂಥವಳೇ ಆದ ರತ್ನಾಳೊಂದಿಗೆ ಯೆಣೆಗೂರಿನ ತಗಡಿನ ಕೋಣೆಯಲ್ಲಿದ್ದು, ಹೆದ್ದಾರಿಯ ಢಾಬಾಗಳ ಮುಂದೆ ಕೈಚಾಚಿ ಬದುಕುತ್ತಿದ್ದಳು.

ಮಾತ್ರೆ ಬರೆದು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಲು ಹೇಳಿದೆ.

“ಕುಡದ್ರ ಎಲ್ಲಿ ಹೋಗ್ಲಿರೀ ಡಾಕ್ಟರ್‌ಬಾಯಿ? ಗಂಡಸರ ಸಂಡಾಸಕ್ಕ ಹೋದ್ರ ಮೈಮ್ಯಾಲ ಕೈ ಹಾಕ್ತಾರ. ಹೆಣ್ಮಕ್ಕಳ ಕಡಿ ಹೋದ್ರ ಬೈದು ಹೊರಗ ಹಾಕ್ತಾರ. ಮುಂಜಾನಿ ಹೊರಬಿದ್ದವ್ಳು ಹೊತ್ತು ಮುಳುಗೋತನಕ ಒಂದು ಗುಟುಕೂ ಕುಡಿಯಂಗಿಲ್ಲ ನಾ.”

ಹೊರಗೆ ಸಾಲು ಉದ್ದವಿತ್ತು, ಮುಂದಿನವರನ್ನು ಕರೆದೆ.

ಮೇ ತಿಂಗಳ ಒಂದು ಮಧ್ಯಾಹ್ನ ರತ್ನಾ ಆಕೆಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಳು. ಪ್ರಜ್ಞೆ ಇರಲಿಲ್ಲ. ಮೈ ಒಣಗಿ ಹಂಚಿನಂತೆ ಕಾದಿತ್ತು. ಥರ್ಮಾಮೀಟರ್ ನೂರಾ ಆರು ಡಿಗ್ರಿ ತೋರಿಸಿತು. ಇದು ಹೀಟ್‌ಸ್ಟ್ರೋಕ್, ಅಂದರೆ ದೇಹ ತನ್ನನ್ನು ತಂಪು ಮಾಡಿಕೊಳ್ಳುವ ಶಕ್ತಿ ಕಳೆದುಕೊಂಡ ಸ್ಥಿತಿ. ಕೂಡಲೇ ಮೈ ತಣಿಸದಿದ್ದರೆ ಮಿದುಳು, ಮೂತ್ರಪಿಂಡ ಉಳಿಯುವುದು ಕಷ್ಟ.

ಕೂಲರ್ ಇದ್ದದ್ದು ಹೆಂಗಸರ ವಾರ್ಡಿನಲ್ಲಿ ಮಾತ್ರ, ಅದೂ ಕಿಟಕಿಗೆ ಕೂಡಿಸಿದ್ದು, ಹೊರಗೆ ತರುವಂತಿರಲಿಲ್ಲ. ಸ್ಟ್ರೆಚರ್ ಬಾಗಿಲಿಗೆ ಬರುತ್ತಲೇ ಬಾಣಂತಿಯೊಬ್ಬಳ ಅತ್ತೆ ಅಡ್ಡ ನಿಂತಳು.

“ಇಂಥವ್ರನ್ನ ಒಳಗ ತಂದ್ರ ನಾವು ಕೂಸಿನ್ನ ಎತ್ಕೊಂಡು ಮನಿಗಿ ಹೋಗ್ತೀವ್ರಿ.”

ಉಳಿದವರೂ ಎದ್ದರು. ಅವರನ್ನು ಒಪ್ಪಿಸಲು ಹೋಗಿ ನಾನು ಹದಿನೈದು ನಿಮಿಷ ಕಳೆದೆ. ಕೊನೆಗೆ ವರಾಂಡದ ನೆಲದ ಮೇಲೆ ಮಲಗಿಸಿ, ಒದ್ದೆ ಬಟ್ಟೆ ಸುತ್ತಿ, ಸಲೈನ್ ಹಚ್ಚಿದೆವು. ರತ್ನಾ ರಟ್ಟಿನಿಂದ ಗಾಳಿ ಬೀಸುತ್ತಲೇ ಇದ್ದಳು.

“ಕಣ್ಣು ತೆರೀತಾಳೇನ್ರೀ ಬಾಯಿ ಆಕಿ?”

ತೆರೆಯಲಿಲ್ಲ. ಸಂಜೆ ಐದಕ್ಕೆ ತೀರಿಕೊಂಡಳು. ಊರಲ್ಲಿದ್ದ ಆಕೆಯ ಅಣ್ಣನಿಗೆ ಫೋನ್ ಮಾಡಿದಾಗ, “ನಮ್ಮ ಮಹಾದೇವ ಸತ್ತು ಭಾಳ ವರ್ಷ ಆತ್ರಿ” ಎಂದು ಇಟ್ಟುಬಿಟ್ಟ. ಹೆಣವನ್ನು ರತ್ನಾಳೇ ಒಯ್ದಳು.

ಮರಣದ ಕಾರಣ ಹೀಟ್‌ಸ್ಟ್ರೋಕ್ ಎಂದು ಬರೆದು ಸಹಿ ಹಾಕಿದೆ. ಆ ಹದಿನೈದು ನಿಮಿಷ ಬರೆಯಲು ಅಲ್ಲಿ ಜಾಗವಿರಲಿಲ್ಲ.

ಮಹಾದೇವಿಯಂಥವರಿಗೆ ಪ್ರತ್ಯೇಕ ಹಾಸಿಗೆ ಕೇಳಿ ಮೇಲಿನವರಿಗೆ ಮೂರು ಪತ್ರ ಬರೆದೆ. ಉತ್ತರ ಬರುವ ಮುನ್ನ ನಿವೃತ್ತಳಾದೆ. ಮರುವರ್ಷ ಬೇಸಿಗೆ ಇನ್ನೂ ಬೇಗ ಬಂತು. ಜ್ವರ ಬಂದರೂ ರತ್ನಾ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲವಂತೆ. ರೋಗಿಯನ್ನು ಮೊದಲು ಒಳಗೆ ತರಬೇಕು, ಜಗಳ ಆಮೇಲೆ ಆಡಬೇಕು. ಇಷ್ಟು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು. ಕಲಿತದ್ದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.